ಒಳ್ಳೆ ಹುಟ್ಟಿನ ಹೆಸರು ಕೆವಿನ್, ಅದಕ್ಕೆ ಬಂದ ಗತಿ ನೋಡಿ

2011ರ ಮಾರ್ಚ್ 2ನೇ ತಾರೀಕು ರಾತ್ರಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಇದ್ದೋರು ಯಾರಾದ್ರೂ ಇದನ್ನ ಓದ್ತಾ ಇದ್ರೆ, ಅವ್ರಿಗೆ ಕೆವಿನ್ ಅಂದ ತಕ್ಷಣ ಪಿಂಕ್ ಕೂದಲಿನ ಒಬ್ಬ ಮನುಷ್ಯ ಕಣ್ಮುಂದೆ ಬರ್ತಾನೆ. ವರ್ಲ್ಡ್ ಕಪ್ ಮ್ಯಾಚು, ಇಂಗ್ಲೆಂಡ್ 327 ಹೊಡೆದಿತ್ತು, ಐರ್ಲೆಂಡ್ 111ಕ್ಕೆ 5 ವಿಕೆಟ್, ನಮ್ಮನೇಲಂತೂ ಇನ್ನೇನಿದೆ ನೋಡೋಕೆ ಅಂತ ಟಿವಿ ಆಫ್ ಮಾಡೋಕೆ ಹೊರಟಿದ್ರು, ಅಷ್ಟರಲ್ಲಿ ಕೆವಿನ್ ಓಬ್ರಿಯನ್ ಅನ್ನೋ ಡಬ್ಲಿನ್ ಹುಡುಗ 50 ಬಾಲಿಗೆ ಸೆಂಚುರಿ ಹೊಡೆದು, ಆವತ್ತಿಗೆ ವರ್ಲ್ಡ್ ಕಪ್ಪಿನ ಫಾಸ್ಟೆಸ್ಟ್ ಸೆಂಚುರಿ ಅದು, ಐರ್ಲೆಂಡ್ 3 ವಿಕೆಟ್‌ನಿಂದ ಗೆದ್ದೇಬಿಡ್ತು. ತಮಾಷೆ ಏನಂದ್ರೆ ಅದೇ ಮ್ಯಾಚಲ್ಲಿ ಇಂಗ್ಲೆಂಡ್ ಕಡೆ ಓಪನಿಂಗ್ ಬಂದು 59 ಹೊಡೆದಿದ್ದೂ ಒಬ್ಬ ಕೆವಿನ್ನೇ, ನಮ್ಮ ಆರ್‌ಸಿಬಿಗೆ 2009ರಲ್ಲಿ ಕ್ಯಾಪ್ಟನ್ ಆಗಿದ್ದ ಪೀಟರ್ಸನ್. ಅವನು ಹುಟ್ಟಿದ್ದು ಸೌತ್ ಆಫ್ರಿಕಾದಲ್ಲಿ. ಅಂದ್ರೆ ಆ ಹೊತ್ತಿಗೆ ಈ ಹೆಸರು ಐರ್ಲೆಂಡ್ ಬಿಟ್ಟು ಊರೂರು ಸುತ್ತಿ ಆಗಿತ್ತು, ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲೂ ಬೇಕಾದಷ್ಟು ಕೆವಿನ್‌ಗಳು ಇದ್ರು.

ಆದ್ರೆ ಮೊದಲು ಇದು ಬರೀ ಒಂದು ಕಣಿವೆಯಲ್ಲಿದ್ದ ಒಬ್ಬನ ಹೆಸರು. ಡಬ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದ್ರೆ ವಿಕ್ಲೋ ಬೆಟ್ಟಗಳ ನಡುವೆ ಗ್ಲೆಂಡಲೋ ಅಂತ ಒಂದು ಜಾಗ ಇದೆ, ಐರಿಷ್ ಭಾಷೇಲಿ ಆ ಹೆಸರಿಗೆ ಎರಡು ಕೆರೆಗಳ ಕಣಿವೆ ಅಂತ ಅರ್ಥ. ಆರನೇ ಶತಮಾನದಲ್ಲಿ ಅಲ್ಲಿ ಬಂದು ಕೂತ ಸನ್ಯಾಸಿಯೇ ಸಂತ ಕೆವಿನ್. 618ರಲ್ಲಿ ತೀರ್ಕೊಂಡ ಅಂತ ಹೇಳ್ತಾರೆ, ಹುಟ್ಟಿದ್ದು 498 ಅಂತ ಸಂಪ್ರದಾಯ, ಲೆಕ್ಕ ಹಾಕಿ, 120 ವರ್ಷ! ನಮ್ಮ ಕಡೆ ಮಠಗಳ ಚರಿತ್ರೆ ಓದಿದೋರಿಗೆ ಇಂಥ ಆಯಸ್ಸು ಏನು ಹೊಸದಲ್ಲ ಬಿಡಿ. ಅವನು ಒಂಟಿಯಾಗಿ ಇರೋಣ ಅಂತ ಕೆರೆ ಪಕ್ಕದ ಬಂಡೆಯ ಒಂದು ಸಣ್ಣ ಗುಹೆ ಸೇರ್ಕೊಂಡ, ಅದಕ್ಕೆ ಈಗಲೂ ಕೆವಿನ್ನನ ಹಾಸಿಗೆ ಅಂತಾರೆ, ಆದ್ರೆ ಒಂಟಿ ಇರೋಕೆ ಹೋದೋರ ಹಿಂದೇನೇ ಜನ ಬರೋದಲ್ವಾ, ಶಿಷ್ಯರು ಸೇರಿ ಸೇರಿ ಅದೊಂದು ದೊಡ್ಡ ಮಠವೇ ಆಗೋಯ್ತು, ಆಮೇಲಿನ ಕಾಲದಲ್ಲಿ ಕಟ್ಟಿದ ಸುಮಾರು 30 ಮೀಟರ್ ಎತ್ತರದ ಗುಂಡು ಗೋಪುರ ಈಗಲೂ ನಿಂತಿದೆ.

ಅವನ ಬಗ್ಗೆ ಇರೋ ಒಂದು ಕಥೆ ನಂಗೆ ತುಂಬಾ ಇಷ್ಟ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಕೆವಿನ್ ಮಂಡಿಯೂರಿ, ಗುಡಿಸಲ ಕಿಟಕಿಯಿಂದ ಕೈ ಹೊರಗೆ ಚಾಚಿ ಪ್ರಾರ್ಥನೆ ಮಾಡ್ತಾ ಇದ್ನಂತೆ, ಒಂದು ಕಪ್ಪು ಹಕ್ಕಿ ಬಂದು ಅಂಗೈ ಮೇಲೆ ಗೂಡು ಕಟ್ಟಿ ಮೊಟ್ಟೆ ಇಟ್ಬಿಡ್ತಂತೆ, ಇವನು ಪಾಪ ಕೈ ಅಲ್ಲಾಡಿಸದೆ ಮರಿ ಹೊರಗೆ ಬರೋವರೆಗೂ ಹಾಗೇ ಇದ್ನಂತೆ. 12ನೇ ಶತಮಾನದಲ್ಲಿ ಐರ್ಲೆಂಡಿಗೆ ಬಂದಿದ್ದ ವೇಲ್ಸ್‌ನ ಜೆರಾಲ್ಡ್ ಅನ್ನೋ ಪಾದ್ರಿ ಇದನ್ನ ಬರೆದಿಟ್ಟಿದಾನೆ. ಹುತ್ತ ಬೆಳೆಯೋವರೆಗೂ ತಪಸ್ಸಿಗೆ ಕೂತ ವಾಲ್ಮೀಕಿ ಕಥೆ ಕೇಳಿ ಬೆಳೆದ ನಮಗೆ ಇದು ಮನೆ ಕಥೆ ಥರಾನೇ ಅನ್ಸತ್ತೆ. ಇನ್ನೊಂದು ಕಥೇಲಿ ತನ್ನನ್ನ ಮೋಹಿಸಿ ಬಂದ ಕ್ಯಾಥ್ಲೀನ್ ಅನ್ನೋ ಹುಡುಗೀನ ಇದೇ ಮಹಾನುಭಾವ ಕೆರೆಗೆ ತಳ್ಳಿದ ಅಂತಾನೂ ಇದೆ. ಹಕ್ಕಿಗೆ ತೋರಿಸಿದ ಕರುಣೆ ಹುಡುಗಿಗೆ ಯಾಕಿಲ್ಲ ಅಂತ ಕೇಳ್ಬೇಡಿ.

ಈಗ ಅರ್ಥಕ್ಕೆ ಬರೋಣ. ಹಳೇ ಐರಿಷ್‌ನಲ್ಲಿ ಈ ಹೆಸರು ಕೋಯ್ವ್‌ಗೆನ್ ಅನ್ನೋ ಥರ ಇತ್ತು. ಮೊದಲರ್ಧಕ್ಕೆ ಚೆಂದ, ಮುದ್ದು, ಮೃದು ಅಂತೆಲ್ಲ ಅರ್ಥ, ಕೊನೇಲಿರೋ ಗೆನ್ ಅಂದ್ರೆ ಹುಟ್ಟು. ಈ ಗೆನ್ ಇದೆಯಲ್ಲ, ಅದೂ ನಮ್ಮ ಸಂಸ್ಕೃತದ ಜನ್ಮವೂ ಒಂದೇ ಬೇರಿಂದ ಬಂದವು, ಇಂಡೋ-ಯುರೋಪಿಯನ್ ಭಾಷೆಗಳ ಒಳಗಿನ ದೂರದ ದಾಯಾದಿಗಳು. ಹಂಗಾಗಿ ಕೆವಿನ್ ಅನ್ನೋದನ್ನ ನಮ್ಮ ಮಾತಿಗೆ ತಂದ್ರೆ ಹೆಚ್ಚುಕಮ್ಮಿ ಸುಜಾತ! ಒಳ್ಳೆ ಹುಟ್ಟಿನವನು. ಈ ಅರ್ಥ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಯುರೋಪಲ್ಲಿ ಇದಕ್ಕೆ ಏನು ಮಾಡಿದ್ರು ಅಂತ ಕೇಳಿದಾಗ ಬೇಕಾಗತ್ತೆ.

ಸಂತನ ಹೆಸರು ಅಂದ್ಮೇಲೆ ಆಗಿಂದಾನೂ ಮನೆಮನೇಲಿ ಇಡ್ತಾ ಇದ್ರೇನೋ ಅನ್ಕೊಂಡ್ರೆ ಹಂಗಲ್ಲ. ಹಳೇ ಐರ್ಲೆಂಡಲ್ಲಿ ದೊಡ್ಡ ಸಂತರ ಹೆಸರನ್ನ ಡೈರೆಕ್ಟಾಗಿ ಇಟ್ಕೊಳ್ಳೋಕೆ ಜನ ಹಿಂಜರೀತಾ ಇದ್ರು, ಪ್ಯಾಟ್ರಿಕ್ ಬದಲು ಪ್ಯಾಟ್ರಿಕ್‌ನ ಸೇವಕ ಅಂತ ಇಡೋರು, ನಮ್ಮಲ್ಲಿ ರಾಮದಾಸ ಶಿವದಾಸ ಇದ್ದಂಗೆ. ಆಮೇಲೆ ಇಂಗ್ಲಿಷರ ಆಳ್ವಿಕೆ ಬಂದು ಐರಿಷ್ ಹೆಸರುಗಳೆಲ್ಲ ಕಾಗದಪತ್ರದಲ್ಲಿ ಇಂಗ್ಲಿಷ್ ವೇಷ ಹಾಕ್ಕೊಂಡ್ವು. ಕೆವಿನ್ ನಿಜವಾಗ್ಲೂ ಎದ್ದು ಬಂದಿದ್ದು 19ನೇ ಶತಮಾನದ ಕೊನೇಲಿ, ನಮ್ಮ ಭಾಷೆ ನಮ್ಮ ಹೆಸರು ಅನ್ನೋ ಚಳವಳಿ ಜೋರಾದಾಗ. ಗೇಲಿಕ್ ಲೀಗ್ ಶುರುವಾಗಿದ್ದು 1893ರಲ್ಲಿ, ಹತ್ತು ವರ್ಷ ಬಿಟ್ಟು 1903ರಲ್ಲಿ ರೋಮ್ ಕೂಡ ಕೆವಿನ್‌ನ ಸಂತ ಪಟ್ಟಕ್ಕೆ ಅಧಿಕೃತ ಮುದ್ರೆ ಒತ್ತಿತು.

ಆ ಹೊತ್ತಲ್ಲೇ, 1902ರಲ್ಲಿ, ಡಬ್ಲಿನ್‌ನಲ್ಲಿ ಹುಟ್ಟಿದ್ದು ಕೆವಿನ್ ಬ್ಯಾರಿ. ಮೆಡಿಕಲ್ ಸ್ಟೂಡೆಂಟು. 1920ರ ಸೆಪ್ಟೆಂಬರಲ್ಲಿ ಬ್ರಿಟಿಷ್ ಸೈನಿಕರ ಆಯುಧ ಕಿತ್ಕೊಳ್ಳೋಕೆ ಹೋದ ಗುಂಪಲ್ಲಿದ್ದ, ಗುಂಡಿನ ಚಕಮಕೀಲಿ ಮೂವರು ಸೈನಿಕರು ಸತ್ರು, ಇವನು ಸಿಕ್ಕಿಬಿದ್ದ, ನವೆಂಬರ್ 1ಕ್ಕೆ ಮೌಂಟ್‌ಜಾಯ್ ಜೈಲಲ್ಲಿ ಗಲ್ಲು. ವಯಸ್ಸು 18. ನಮ್ಮ ಖುದಿರಾಮ್ ಬೋಸ್ ವಯಸ್ಸೇ, ಗಲ್ಲಿಗೇರಿಸಿದ ಸಾಮ್ರಾಜ್ಯವೂ ಅದೇ. ಅವನ ಮೇಲೆ ಕಟ್ಟಿದ ಹಾಡು ಐರಿಷ್ ಜನ ಹೋದಲ್ಲೆಲ್ಲ ಹೋಯ್ತು. ಜೈಲಲ್ಲೇ ಹೂತಿದ್ದ ಅವನ ದೇಹವನ್ನ 2001ರಲ್ಲಿ ತೆಗೆದು ಸರ್ಕಾರಿ ಗೌರವದ ಜೊತೆ ಮತ್ತೆ ಮಣ್ಣು ಮಾಡಿದ್ರು. ಒಬ್ಬ ಸಂತ, ಒಬ್ಬ ಹುತಾತ್ಮ, ಒಂದು ಹೆಸರಿಗೆ ಇನ್ನೇನು ಬೇಕು ಹೇಳಿ. ಐರ್ಲೆಂಡಿಂದ ಅಮೆರಿಕಾಗೆ, ಇಂಗ್ಲೆಂಡಿಗೆ ಹೋದ ಕ್ಯಾಥೊಲಿಕ್ ಕುಟುಂಬಗಳು ಮೊದಲು ಇಟ್ರು, 1950-60ರ ಹೊತ್ತಿಗೆ ಐರ್ಲೆಂಡ್ ಎಲ್ಲಿದೆ ಅಂತ ಗೊತ್ತಿಲ್ದೇ ಇರೋರೂ ಇಡೋಕೆ ಶುರು ಮಾಡಿದ್ರು.

ಜರ್ಮನಿಗೆ ಇದನ್ನ ಹೊತ್ಕೊಂಡು ಹೋದೋರಲ್ಲಿ ಒಬ್ಬ ಫುಟ್‌ಬಾಲ್ ಆಟಗಾರ, ಕೆವಿನ್ ಕೀಗನ್. ಲಿವರ್‌ಪೂಲ್ ಬಿಟ್ಟು 1977ರಲ್ಲಿ ಹ್ಯಾಂಬರ್ಗ್ ಕ್ಲಬ್ ಸೇರಿದ, 1978, 1979 ಎರಡು ವರ್ಷವೂ ಯುರೋಪಿನ ಬೆಸ್ಟ್ ಫುಟ್‌ಬಾಲರ್ ಪ್ರಶಸ್ತಿ ಅವನಿಗೇ. ಆದ್ರೆ ನಿಜವಾದ ಹುಚ್ಚು ಹತ್ತಿದ್ದು 1991ರಲ್ಲಿ. ಹೋಮ್ ಅಲೋನ್ ಸಿನಿಮಾ ನೋಡದೆ ಇರೋರು ಕಡಿಮೆ, ಅದು ಜರ್ಮನಿಯಲ್ಲಿ ರಿಲೀಸ್ ಆಗಿದ್ದು 1991ರ ಜನವರೀಲಿ, ಅಲ್ಲಿ ಅದರ ಟೈಟಲ್ಲಲ್ಲೇ ಹುಡುಗನ ಹೆಸರಿತ್ತು, ಕೆವಿನ್ ಒಬ್ಬನೇ ಮನೇಲಿ ಅಂತ. ಅದೇ ಟೈಮಿಗೆ ಕೆವಿನ್ ಕಾಸ್ಟ್ನರ್ ಏಳು ಆಸ್ಕರ್ ಗೆದ್ದ ಸಿನಿಮಾದ ಹೀರೋನೂ ಹೌದು ಡೈರೆಕ್ಟರೂ ಹೌದು. ಆ ವರ್ಷ ಜರ್ಮನಿಯಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರುಗಳಲ್ಲಿ ಕೆವಿನ್ನೇ ಫಸ್ಟ್. ಫ್ರಾನ್ಸ್‌ನಲ್ಲಿ ಇನ್ನೂ ಜೋರು, 1989ರಿಂದ 1994ರವರೆಗೆ ಸತತವಾಗಿ ನಂಬರ್ ಒನ್, 1991 ಒಂದೇ ವರ್ಷ 14 ಸಾವಿರಕ್ಕೂ ಹೆಚ್ಚು ಕೆವಿನ್‌ಗಳು ಹುಟ್ಟಿದ್ರು. ಕ್ಯಾಲೆಂಡರಿನ ಸಂತರ ಹೆಸರು, ಪುರಾತನ ಚರಿತ್ರೆಯ ಹೆಸರು ಮಾತ್ರ ಇಡ್ಬೇಕು ಅಂತ 1803ರ ಕಾನೂನು ಇದ್ದ ದೇಶ ಅದು, ಅದನ್ನ ನಿಧಾನಕ್ಕೆ ಸಡಿಲ ಮಾಡ್ತಾ ಬಂದು 1993ರಲ್ಲಿ ಇಷ್ಟ ಬಂದ ಹೆಸರು ಇಡಿ ಅಂತ ಪೂರ್ತಿ ಬಿಟ್ಟಿದ್ದು.

ಇಲ್ಲಿಂದ ಕಥೆ ಕೆಡತ್ತೆ. ಈ ಹೆಸರನ್ನ ಹೆಚ್ಚಾಗಿ ಇಟ್ಟಿದ್ದು ಕೆಲಸಗಾರರ ಮನೆಗಳು, ಸಣ್ಣ ಸಂಬಳದೋರು, ಟಿವಿ ಸಿನಿಮಾ ನೋಡಿ ಖುಷಿಪಟ್ಟು ಮಗನಿಗೆ ಒಂದು ಹೊಸ ಹೆಸರು ಇರ್ಲಿ ಅನ್ಕೊಂಡೋರು. ಸ್ಥಿತಿವಂತರು ಅಜ್ಜ ಮುತ್ತಜ್ಜನ ಹೆಸರುಗಳಿಗೆ ಅಂಟ್ಕೊಂಡ್ರು. ಹತ್ತು ವರ್ಷ ಕಳೆಯೋದ್ರೊಳಗೆ ಹೆಸರು ಕೇಳಿದ್ರೆ ಸಾಕು ಮನೆ ಎಂಥದು ಅಂತ ಊಹಿಸೋ ಹಾಗಾಯ್ತು. ಹೆಸರು ಕೇಳಿ ಜಾತಿ ಅಳೆಯೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಜರ್ಮನ್ನರು ಇದಕ್ಕೆ ಕೆವಿನಿಸ್ಮುಸ್ ಅಂತ ಒಂದು ಪದಾನೇ ಹುಟ್ಟಿಸಿದ್ರು, ಕಾಯಿಲೆ ಹೆಸರಿನ ಥರ. ನಮ್ಮ ಜೋಕುಗಳಲ್ಲಿ ಗುಂಡ ಇದಾನಲ್ಲ, ಅವರ ಜೋಕುಗಳಲ್ಲಿ ಕೆವಿನ್ ಹಂಗಾದ, ಆದ್ರೆ ಗುಂಡನ ಹೆಸರಿಟ್ಕೊಂಡ ಹುಡುಗನಿಗೆ ಯಾರೂ ಮಾರ್ಕ್ಸ್ ಕಮ್ಮಿ ಮಾಡಲ್ಲ. 2009ರಲ್ಲಿ ಓಲ್ಡನ್‌ಬರ್ಗ್ ಯೂನಿವರ್ಸಿಟಿಯಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಥೀಸಿಸ್‌ಗೆ ಪ್ರೈಮರಿ ಟೀಚರ್‌ಗಳನ್ನ ಹೆಸರುಗಳ ಬಗ್ಗೆ ಕೇಳಿದ್ರು. ಮ್ಯಾಕ್ಸಿಮಿಲಿಯನ್, ಅಲೆಕ್ಸಾಂಡರ್ ಅಂದ್ರೆ ಜಾಣ ಹುಡುಗರು, ಕೆವಿನ್ ಅಂದ್ರೆ ತಂಟೆಕೋರ, ಓದಲ್ಲ. ಒಬ್ಬ ಟೀಚರ್ ಬರೆದಿದ್ದು: ಕೆವಿನ್ ಹೆಸರಲ್ಲ, ರೋಗನಿರ್ಣಯ. ಈ ಒಂದು ಸಾಲು ದೇಶಪೂರ್ತಿ ಫೇಮಸ್ ಆಗೋಯ್ತು. ಹುಡುಗ ಬೆಂಚಲ್ಲಿ ಕೂರೋ ಮುಂಚೇನೇ ಅಟೆಂಡೆನ್ಸ್ ಪುಸ್ತಕ ನೋಡಿ ತೀರ್ಪು. ಒಳ್ಳೆ ಹುಟ್ಟಿನವನು ಅಂತ ಅರ್ಥ ಇರೋ ಹೆಸರನ್ನೇ ಹಿಡ್ಕೊಂಡು ನಿನ್ನ ಹುಟ್ಟು ಸರಿ ಇಲ್ಲ ಅಂತ ಹೇಳೋದು, ಇದಕ್ಕಿಂತ ಕ್ರೂರ ತಮಾಷೆ ಇದೆಯಾ?

2015ರಲ್ಲಿ, ಯುವಕರು ಆಡೋ ಮಾತಿಂದ ವರ್ಷದ ಪದ ಆರಿಸೋ ಜರ್ಮನಿಯ ಸ್ಪರ್ಧೆಯ ಲಿಸ್ಟಲ್ಲಿ ಆಲ್ಫಾ ಕೆವಿನ್ ಅಂತ ಒಂದು ಪದ ಬಂತು, ದಡ್ಡರಲ್ಲೇ ದಡ್ಡ ಅನ್ನೋ ಅರ್ಥದಲ್ಲಿ. ಆಕ್ಷೇಪ ಬಂದ್ಮೇಲೆ ತೆಗೆದುಹಾಕಿದ್ರು.

ಅಷ್ಟರಲ್ಲಿ ಆ ಮಕ್ಕಳು ದೊಡ್ಡೋರಾಗಿದ್ರು. 1989ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಕೆವಿನ್ ಕ್ಯೂನರ್ಟ್ 2021ರ ಡಿಸೆಂಬರಲ್ಲಿ ಎಸ್‌ಪಿಡಿ ಅನ್ನೋ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಜನರಲ್ ಸೆಕ್ರೆಟರಿ ಆದ. ಫ್ರಾನ್ಸ್‌ನ ಕೆವಿನ್ ಮಾಯೆರ್, 1992ರಲ್ಲಿ ಹುಟ್ಟಿದೋನು, 2018ರಲ್ಲಿ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ನಲ್ಲಿ 9126 ಪಾಯಿಂಟ್ಸ್ ತೆಗೆದು ವಿಶ್ವದಾಖಲೆ ಮಾಡಿದ. 2022ರಲ್ಲಿ ಫ್ರಾನ್ಸ್ ಪಾರ್ಲಿಮೆಂಟಿಗೆ ಮೊದಲ ಸಲ ಕೆವಿನ್‌ಗಳು ಆಯ್ಕೆ ಆದ್ರು, ಒಬ್ಬರಲ್ಲ ಇಬ್ಬರು, ಇಬ್ಬರೂ ಮರೀನ್ ಲೆ ಪೆನ್ ಅವರ ತೀವ್ರ ಬಲಪಂಥೀಯ ಪಕ್ಷದೋರು. ಅವರ ರಾಜಕೀಯ ನಂಗೆ ಹಿಡಿಸಲ್ಲ, ಆದ್ರೆ ಆ ಹೆಸರಿನ ಜನ ಯಾವ ಪಕ್ಷದ ಬಾಗಿಲಿಂದ ಒಳಗೆ ಬಂದ್ರು ಅನ್ನೋದ್ರಲ್ಲೇ ಅರ್ಧ ಕಥೆ ಇದೆ.

ಮಂಗಳೂರಲ್ಲಿ ಕೆವಿನ್ ಅಂದ್ರೆ ಸುಮ್ನೆ ಕೆವಿನ್, ಚರ್ಚಿನ ಕ್ವಾಯರಲ್ಲಿ ಹಾಡೋ ಹುಡುಗನೋ ಬ್ಯಾಂಕ್ ಮ್ಯಾನೇಜರೋ ಯಾರಾದ್ರೂ ಆಗಿರಬಹುದು, ಹೆಸರಿಗೆ ಯಾವ ವಾಸನೆನೂ ಇಲ್ಲ. ಬೆಂಗಳೂರಿಂದ ಬರ್ಲಿನ್‌ಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗೋ ಅಂಥ ಕೆವಿನ್‌ಗೆ ಮೊದಲ ದಿನ ಪರಿಚಯ ಹೇಳ್ಕೊಂಡಾಗ ಎದುರಿಗಿರೋರು ಯಾಕೆ ತುಟಿ ಕಚ್ಚಿ ನಗು ತಡ್ಕೋತಾರೆ ಅಂತ ಅರ್ಥ ಆಗೋಕೆ ಟೈಮ್ ಹಿಡಿಯತ್ತೆ.

ಐರ್ಲೆಂಡಲ್ಲೂ ಈ ಅವಮಾನ ಇಲ್ಲ, ಅಲ್ಲಿ ಅದು ಮಾವ ಚಿಕ್ಕಪ್ಪಂದಿರ ಹೆಸರು ಅಷ್ಟೇ, ಈಗಿನ ಮಕ್ಕಳಿಗೆ ಇಡೋದು ಕಡಿಮೆ. ಇಡೋರಲ್ಲಿ ಕೆಲವರು ಮೂಲ ಐರಿಷ್ ಸ್ಪೆಲ್ಲಿಂಗಿಗೇ ವಾಪಸ್ ಹೋಗಿದಾರೆ. ಕೀವೀನ್ ಅನ್ನೋರೂ ಇದಾರೆ, ಕ್ವೀವೀನ್ ಅನ್ನೋರೂ ಇದಾರೆ, ಊರಿಗೊಂದು ಥರ. 1998ರಲ್ಲಿ ಕಾರ್ಕ್‌ನಲ್ಲಿ ಹುಟ್ಟಿದ ಫುಟ್‌ಬಾಲ್ ಗೋಲ್‌ಕೀಪರ್ ಕೆಲೆಹರ್‌ನ ಮೊದಲ ಹೆಸರಿನ ಸ್ಪೆಲ್ಲಿಂಗ್ ಹಂಗೇ ಇರೋದು, ಮಧ್ಯದಲ್ಲಿ ವ ಸದ್ದಿಗೆ ಎಂ ಮತ್ತು ಎಚ್ ಅಕ್ಷರ ಬರತ್ತೆ, ಗೊತ್ತಿಲ್ದೋರು ಓದಿದ್ರೆ ಕಾಯಿಮ್‌ಹಿನ್ ಅಂತ ಓದ್ತಾರೆ. ಅವನೂ ಲಿವರ್‌ಪೂಲಿಗೇ ಆಡಿದ್ದು, ಕೀಗನ್ ಆಡಿದ ಅದೇ ಕ್ಲಬ್ಬು, ಅದೇ ಕೆಂಪು ಕ್ಲಬ್ಬಲ್ಲಿ ಅದೇ ಹೆಸರು ಎರಡು ಸ್ಪೆಲ್ಲಿಂಗಲ್ಲಿ.