ತಳದಿಂದ ಮೇಲಕ್ಕೆ ಕಟ್ಟುವ ಪರಿಮಳ

ದಕ್ಷಿಣ ಫ್ರಾನ್ಸಿನಲ್ಲಿ, ಮೆಡಿಟರೇನಿಯನ್ ಕಡಲಿಗೆ ಸಮೀಪದ ಗುಡ್ಡಗಳ ನಡುವೆ ಗ್ರಾಸ್ ಎಂಬ ಊರಿದೆ. ಒಂದು ಕಾಲಕ್ಕೆ ಚರ್ಮ ಹದಮಾಡುವವರ ಊರಾಗಿದ್ದ ಗ್ರಾಸ್, ಚರ್ಮದ ಕೈಗವಸುಗಳ ನಾತವನ್ನು ಹೂವಿನ ಪರಿಮಳದಿಂದ ಮರೆಸಲು ಹೋಗಿ ಕೊನೆಗೆ ಕೈಗವಸನ್ನೇ ಬಿಟ್ಟು ಪರಿಮಳವನ್ನು ಹಿಡಿದುಕೊಂಡಿತು. ಅಲ್ಲಿನ ಸುಗಂಧ ಕುಶಲತೆಯನ್ನು ಯುನೆಸ್ಕೋ 2018ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. 1747ರಲ್ಲಿ ಆರಂಭವಾದ ಗಲಿಮಾರ್, 1849ರ ಮೊಲಿನಾರ್, 1926ರ ಫ್ರಾಗೊನಾರ್ ಮುಂತಾದ ಸಂಸ್ಥೆಗಳು ಇಲ್ಲಿ ನಡೆಸುವ ಕಾರ್ಯಾಗಾರಗಳಲ್ಲಿ, ಯಾವ ತರಬೇತಿಯೂ ಇಲ್ಲದವರು ಒಂದೆರಡು ಗಂಟೆ ಕುಳಿತು ತಮ್ಮದೇ ಆದ ಒಂದು ಸುಗಂಧವನ್ನು ಬೆರೆಸಿ, ಅದಕ್ಕೊಂದು ಹೆಸರಿಟ್ಟು, ಸೀಸೆಯನ್ನು ಮನೆಗೆ ಒಯ್ಯಬಹುದು.

ಅವರು ಕೂರುವ ಮೇಜಿನ ಸುತ್ತ, ಮೆಟ್ಟಿಲು ಮೆಟ್ಟಿಲಾಗಿ, ಕಂದು ಬಣ್ಣದ ಹತ್ತಾರು ಸೀಸೆಗಳನ್ನು ಜೋಡಿಸಿರುತ್ತಾರೆ. ಆರ್ಗನ್ ವಾದ್ಯದ ಕೀಲಿಗಳ ಸಾಲುಗಳನ್ನು ನೆನಪಿಸುವ ಈ ಜೋಡಣೆಗೆ ಆ ವೃತ್ತಿಯವರು ಆರ್ಗನ್ ಎಂದೇ ಹೆಸರಿಟ್ಟಿದ್ದಾರೆ. ಹಲವು ಕಾರ್ಯಾಗಾರಗಳಲ್ಲಿ ಈ ಸೀಸೆಗಳೊಳಗೆ ಇರುವುದು ಒಂಟಿ ಎಣ್ಣೆಗಳಲ್ಲ, ನುರಿತವರು ಮೊದಲೇ ಹದವಾಗಿ ಬೆರೆಸಿಟ್ಟ ಮಿಶ್ರಣಗಳು. ಎರಡು ಗಂಟೆಯೊಳಗೆ ಹೊಸಬರ ಕೈಯಲ್ಲಿ ಕೆಲಸ ಕೆಡದಿರಲು ಇದು ಒಳ್ಳೆಯ ಏರ್ಪಾಡು. ನನ್ನ ಮಟ್ಟಿಗೆ ಇದಕ್ಕಿಂತಲೂ ಕುತೂಹಲದ ಸಂಗತಿ ಬೇರೆಯೇ ಇದೆ. ಸೀಸೆ ತೆರೆದಾಗ ಮೂಗಿಗೆ ಮೊದಲು ಬರುವುದು ನಿಂಬೆ, ಕಿತ್ತಳೆ, ಬರ್ಗಮಾಟ್‌ಗಳಂಥ ಚುರುಕಾದ ಪರಿಮಳಗಳು, ಈ ವೃತ್ತಿಯವರ ಮಾತಿನಲ್ಲಿ ಮೇಲುಸ್ವರಗಳು. ಆದರೆ ಕಲಿಸುವವರು ಅಳತೆಯ ಜಾಡಿಗೆ ಮೊದಲು ಸುರಿಯಲು ಹೇಳುವುದು ಗಂಧ, ಲಾವಂಚ, ಪಚೌಲಿ, ವೆನಿಲಾ, ಕಸ್ತೂರಿಯನ್ನು ಹೋಲುವ ದ್ರವ್ಯಗಳಂಥ ಭಾರವಾದ ತಳಸ್ವರಗಳನ್ನು. ಅವುಗಳ ಮೇಲೆ ಗುಲಾಬಿ, ಮಲ್ಲಿಗೆಗಳ ನಡುಸ್ವರ, ಮೇಲುಸ್ವರ ಎಲ್ಲಕ್ಕಿಂತ ಕೊನೆಗೆ.

ಈ ಕ್ರಮದ ಹಿಂದಿರುವುದು ಆವಿಯ ವಿಜ್ಞಾನ. ದ್ರವದಲ್ಲಿರುವ ವಸ್ತು ಮೂಗನ್ನು ತಲುಪಬೇಕಾದರೆ ಅದರ ಅಣುಗಳು ನೆರೆಯ ಅಣುಗಳ ಹಿಡಿತವನ್ನು ಬಿಡಿಸಿಕೊಂಡು ಗಾಳಿಗೆ ಏರಬೇಕು. ನಿಂಬೆಜಾತಿಯ ಹಣ್ಣುಗಳ ಸಿಪ್ಪೆಯಲ್ಲಿ ಹೇರಳವಾಗಿರುವ ಲಿಮೊನೀನ್‌ನ ಅಣುತೂಕ 136, ಅದು ಕುದಿಯುವುದು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲ್ಯಾವೆಂಡರ್‌ನಲ್ಲಿ ಪ್ರಧಾನವಾಗಿರುವ ಲಿನಲೂಲ್‌ನ ತೂಕ 154, ಕುದಿಬಿಂದು ಸುಮಾರು 198 ಡಿಗ್ರಿ. ಗಂಧದೆಣ್ಣೆಯ ಬಹುಪಾಲಾಗಿರುವ ಸ್ಯಾಂಟಲಾಲ್‌ನ ಅಣುತೂಕವೋ 220, ಕುದಿಬಿಂದು 300 ಡಿಗ್ರಿಯ ಆಸುಪಾಸು. ಜೊತೆಗೆ ಅದರಲ್ಲಿರುವ, ಆಮ್ಲಜನಕ-ಜಲಜನಕಗಳ ಜೋಡಿಯಾದ ಹೈಡ್ರಾಕ್ಸಿಲ್ ಗುಂಪು ನೆರೆಯ ಅಣುಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತದೆ. ಹೀಗಾಗಿ ಕೋಣೆಯ ಉಷ್ಣತೆಯಲ್ಲಿ ಸ್ಯಾಂಟಲಾಲ್‌ನ ಆವಿಯೊತ್ತಡ, ಎಂದರೆ ಆವಿಯಾಗುವ ಒಲವಿನ ಅಳತೆ, ಲಿಮೊನೀನ್‌ಗಿಂತ ಸಾವಿರಾರು ಪಟ್ಟು ಕಡಿಮೆ. ಲಿಮೊನೀನ್ ನಿಮಿಷಗಳಲ್ಲಿ ಹಾರಿಹೋದರೆ, ಸ್ಯಾಂಟಲಾಲ್ ಬಟ್ಟೆಯ ಮಡಿಕೆಯಲ್ಲಿ ದಿನಗಟ್ಟಲೆ ಉಳಿದಿರುತ್ತದೆ.

ಮಿಶ್ರಣದಲ್ಲಿ ಪ್ರತಿಯೊಂದು ವಸ್ತುವೂ ಎಷ್ಟು ಆವಿಯಾಗುತ್ತದೆ ಎಂಬುದು ಆ ದ್ರವದಲ್ಲಿ ಅದಕ್ಕಿರುವ ಪಾಲನ್ನೂ ಸುತ್ತಲಿನ ಅಣುಗಳೊಂದಿಗೆ ಅದಕ್ಕಿರುವ ನಂಟನ್ನೂ ಅವಲಂಬಿಸಿದೆ. ಭಾರವಾದ ತಳದ್ರವ್ಯ ಹೆಚ್ಚಿದ್ದಷ್ಟೂ ಹಗುರ ದ್ರವ್ಯಗಳ ಓಟ ನಿಧಾನವಾಗುತ್ತದೆ. ಈ ದ್ರವ್ಯಗಳನ್ನು ಕರಗಿಸಿರುವ ಎಥನಾಲ್ ಎಂಬ ಮದ್ಯಸಾರ ಮೊದಲು ಹೋಗುತ್ತದೆ, ಮೇಲುಸ್ವರಗಳು ಅದರ ಹಿಂದೆಯೇ ಹೊರಡುತ್ತವೆ, ಉಳಿದ ದ್ರವದ ಸಂಯೋಜನೆ ಕ್ಷಣಕ್ಷಣಕ್ಕೂ ಬದಲಾಗುತ್ತ ಹೋಗುತ್ತದೆ. ಆದ್ದರಿಂದ ಚರ್ಮದ ಮೇಲೆ ಹಚ್ಚಿದ ಸುಗಂಧವೆಂದರೆ ಒಂದೇ ವಾಸನೆಯಲ್ಲ, ಗಂಟೆಗಳ ಉದ್ದಕ್ಕೂ ಹರಡಿಕೊಂಡ ವಾಸನೆಗಳ ಸರಣಿ. ಕಾರ್ಯಾಗಾರದಲ್ಲಿ ಕಾಗದದ ಪಟ್ಟಿಯನ್ನು ಅದ್ದಿ ಮೂಸಿ ಮೆಚ್ಚುವವರು ಆ ಸರಣಿಯ ಮೊದಲ ತುಣುಕನ್ನಷ್ಟೇ ಮೆಚ್ಚಿರುತ್ತಾರೆ. ಮೈಯ ಬಿಸುಪು ಇಲ್ಲದ ಕಾಗದದಲ್ಲಿ ಆ ಸರಣಿ ಇನ್ನೂ ನಿಧಾನವಾಗಿ ಸಾಗುತ್ತದೆ.

ತಳವನ್ನು ಮೊದಲು ಇಡುವ ಈ ವಿವೇಕ ಗ್ರಾಸ್‌ಗೆ ಮಾತ್ರ ಸೇರಿದ್ದಲ್ಲ. ಉತ್ತರ ಪ್ರದೇಶದ ಕನೌಜಿನಲ್ಲಿ ಸಾಂಪ್ರದಾಯಿಕವಾಗಿ ಅತ್ತರು ಇಳಿಸುವವರು ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ಕಾಯಿಸಿ, ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ‘ಭಪ್ಕಾ’ ಎಂಬ ಪಾತ್ರೆಗೆ ಹಾಯಿಸುತ್ತಾರೆ. ಆ ಪಾತ್ರೆಯಲ್ಲಿ, ಹೂವು ಬಿಸಿಯಾಗುವ ಮೊದಲೇ, ಗಂಧದೆಣ್ಣೆ ಅದರ ದಾರಿ ಕಾಯುತ್ತಿರುತ್ತದೆ. ಹೂವಿನ ಆವಿ ಬಂದು ಆ ಎಣ್ಣೆಯಲ್ಲಿ ನೆಲೆಸುತ್ತದೆ. ಆ ಎಣ್ಣೆಯ ಹೆಸರಿನೊಂದಿಗೆ ಮೈಸೂರಿನ ಹೆಸರು ಇಂದಿಗೂ ಬೆಸೆದುಕೊಂಡಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಜರ್ಮನಿಗೆ ಗಂಧದ ಮರದ ರಫ್ತು ನಿಂತುಹೋದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವ್ಯಾಟ್ಸನ್ ಎಣ್ಣೆ ಇಳಿಸುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಗಂಧದೆಣ್ಣೆ ತಯಾರಿಕೆಗೆ ತೊಡಗಿತು.

ನಡುಸ್ವರಗಳ ಸಾಲಿನಲ್ಲಿ ಮಲ್ಲಿಗೆಯದೇ ಒಂದು ಪಾಠ. ಮಲ್ಲಿಗೆ ಜಾತಿಯ ಹೂಗಳ ಸಾರದಲ್ಲಿ ಇಂಡೋಲ್ ಎಂಬ ವಸ್ತು ಸಣ್ಣ ಪ್ರಮಾಣದಲ್ಲಿರುತ್ತದೆ. ಮಲದಲ್ಲೂ ಇರುವ ಇದು ಗಾಢವಾದಾಗ ನುಸಿಗುಳಿಗೆಯನ್ನು ನೆನಪಿಸುವಷ್ಟು ಅಹಿತಕರ. ಆದರೆ ಇದನ್ನು ಪೂರ್ತಿ ತೆಗೆದುಹಾಕಿದರೆ ಮಲ್ಲಿಗೆಯ ಪರಿಮಳ ಜೀವ ಕಳೆದುಕೊಂಡು ಸಪ್ಪೆಯಾಗುತ್ತದೆ. ಹೊಸಬರು ಯಾವುದೋ ಸೀಸೆಯನ್ನು ಮೂಸಿ ಮುಖ ಸಿಂಡರಿಸಿ ಬದಿಗಿಟ್ಟಾಗ, ಅದರ ಎರಡೇ ಹನಿಯನ್ನು ಸೇರಿಸಿ ನೋಡಿ ಎಂದು ಕಲಿಸುವವರು ಹೇಳುವುದು ಇದೇ ಅನುಭವದಿಂದ.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೂಗು ದಣಿಯುತ್ತದೆ. ಒಂದೇ ವಾಸನೆ ಮತ್ತೆ ಮತ್ತೆ ತಾಗಿದಾಗ ಮೂಗಿನಲ್ಲಿ ವಾಸನೆಯನ್ನು ಗುರುತಿಸುವ ಗ್ರಾಹಕಗಳ (ರಿಸೆಪ್ಟರ್‌ಗಳ) ಸ್ಪಂದನ ತಗ್ಗುವುದು ಇದಕ್ಕೆ ಕಾರಣ. ಮೂಗನ್ನು ಚೇತರಿಸಲೆಂದು ಸುಗಂಧದ ಅಂಗಡಿಗಳಲ್ಲಿ ಕಾಫಿಬೀಜ ಮೂಸಲು ಕೊಡುವ ರೂಢಿ ಇದೆ. ಪರೀಕ್ಷಿಸಿ ನೋಡಿದಾಗ ಅದು ಬರಿಯ ಗಾಳಿಗಿಂತ ಹೆಚ್ಚಿನ ಉಪಕಾರ ಮಾಡಿದ್ದು ಕಂಡುಬರಲಿಲ್ಲ. ಕಿಟಕಿಯ ಬಳಿ ಹೋಗಿ ನಿಲ್ಲುವುದು, ಇಲ್ಲವೇ ತಮ್ಮದೇ ಮೊಣಕೈ ಮಡಿಕೆಯನ್ನು ಮೂಸುವುದು ಸಾಕು.

ಅಕ್ಕಪಕ್ಕ ಕುಳಿತ ಇಬ್ಬರು ಒಂದೇ ಸೀಸೆಯ ಬಗ್ಗೆ ಒಪ್ಪದಿರುವುದಕ್ಕೂ ಗಟ್ಟಿಯಾದ ಕಾರಣವಿದೆ. ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ 1991ರಲ್ಲಿ ವಾಸನೆಯ ಗ್ರಾಹಕಗಳ ಜೀನ್ ಕುಟುಂಬವನ್ನು ಪತ್ತೆಹಚ್ಚಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳು ಸುಮಾರು 400 ಬಗೆಯವು, ಅವುಗಳ ಜೀನ್‌ಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿದೆ. ನೇರಳೆ ಬಣ್ಣದ ವಯೊಲೆಟ್ ಹೂವಿನ ಘಮಕ್ಕೆ ಕಾರಣವಾದ ಬೀಟಾ-ಅಯನೋನ್ ಕೆಲವರಿಗೆ ಹೂವಿನಂತೆ ತೋರಿದರೆ ಕೆಲವರಿಗೆ ಹುಳಿಯಾಗಿ, ಅಹಿತವಾಗಿ ತೋರುತ್ತದೆ. ಒಂದೇ ಜೀನಿನ ಬದಲಾವಣೆ ಈ ವ್ಯತ್ಯಾಸದ ಬಹುಭಾಗವನ್ನು ವಿವರಿಸುತ್ತದೆ. ಕೆಲವು ಕಸ್ತೂರಿ ದ್ರವ್ಯಗಳು ಕೆಲವರ ಮೂಗಿಗೆ ಬರುವುದೇ ಇಲ್ಲ. ತನಗಾಗಿಯೇ ಬೆರೆಸಿಕೊಳ್ಳುವ ಸುಗಂಧಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ ಎಂದು ನನಗನಿಸುತ್ತದೆ.

ಬೆರೆಸಿ ಮುಗಿದ ಮೇಲೆ ಸೀಸೆಯನ್ನು ಎರಡು ಮೂರು ವಾರ ಕತ್ತಲೆಯಲ್ಲಿ ಇಡಲು ಹೇಳುತ್ತಾರೆ. ಆ ದಿನಗಳಲ್ಲಿ ಸೀಸೆಯೊಳಗೆ ರಾಸಾಯನಿಕ ಕೆಲಸ ನಡೆದಿರುತ್ತದೆ. ಆಲ್ಡಿಹೈಡ್‌ಗಳೆಂಬ ಚುರುಕು ವಾಸನೆಯ ಸಂಯುಕ್ತಗಳು ಎಥನಾಲ್ ಜೊತೆ ಸೇರಿ ಅಸಿಟಾಲ್‌ಗಳೆಂಬ ಬೇರೆ ಸಂಯುಕ್ತಗಳಾಗುತ್ತವೆ, ವಾಸನೆಯ ಮೊನಚು ಕಡಿಮೆಯಾಗುತ್ತದೆ. ಕಿತ್ತಳೆ ಹೂವಿನ ಸಾರದಲ್ಲಿರುವ ಮಿಥೈಲ್ ಆಂತ್ರನಿಲೇಟ್ ಆಲ್ಡಿಹೈಡ್‌ಗಳೊಡನೆ ಕೂಡಿ ‘ಷಿಫ್ ಬೇಸ್’ ಎಂಬ ಹಳದಿ ಸಂಯುಕ್ತಗಳನ್ನು ಕೊಡುತ್ತದೆ. ಹೂವಿನ ಸುಗಂಧ ಸೀಸೆಯಲ್ಲಿ ದಿನಕಳೆದಂತೆ ಬಣ್ಣ ತಿರುಗಲು ಇದೂ ಒಂದು ಕಾರಣ. ಮೂರು ವಾರದ ನಂತರ ಬೆಳಿಗ್ಗೆ ಮಣಿಕಟ್ಟಿಗೆ ಹಚ್ಚಿಕೊಂಡರೆ, ಬಹಳ ಹೊತ್ತು ತೂಗಿ ನೋಡಿ ಆರಿಸಿದ ಬರ್ಗಮಾಟ್ ತಿಂಡಿ ಮುಗಿಯುವ ಮೊದಲೇ ಹೋಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಗುಲಾಬಿಯೂ ತೆಳುವಾಗಿರುತ್ತದೆ. ಕಾರ್ಯಾಗಾರದ ಮೊದಲ ಹತ್ತು ನಿಮಿಷಗಳಲ್ಲಿ, ಇನ್ನೂ ಏನೂ ತಿಳಿಯದಿದ್ದಾಗ ಜಾಡಿಗೆ ಸುರಿದ ಗಂಧ ಮತ್ತು ಲಾವಂಚ ಸಂಜೆಯವರೆಗೂ ಅಲ್ಲೇ ಇರುತ್ತವೆ.