ಪ್ಯೂಟರ್ ಮೆಡಲ್ ಅಂದ್ರೆ ಏನು? ನಾಲ್ಕನೇ ಸ್ಥಾನದ ಕಥೆ

ಅಮೆರಿಕದ ಫಿಗರ್ ಸ್ಕೇಟರ್‌ಗಳ ಬಗ್ಗೆ ಓದ್ತಾ ಹೋದ್ರೆ "ನ್ಯಾಷನಲ್ಸ್‌ನಲ್ಲಿ ಪ್ಯೂಟರ್ ಮೆಡಲ್" ಅಂತ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗತ್ತೆ. ಚಿನ್ನ, ಬೆಳ್ಳಿ, ಕಂಚು ಗೊತ್ತು, ಇದ್ಯಾವ್ದು ಅಂತ ಸುಮಾರು ಜನ ಕೇಳ್ತಾರೆ. ಪ್ಯೂಟರ್ ಒಂದು ಮಿಶ್ರಲೋಹ, ಹೆಚ್ಚಿನ ಪಾಲು ತವರ, ಜೊತೆಗೆ ಸ್ವಲ್ಪ ತಾಮ್ರ, ಆಂಟಿಮನಿ ಇರತ್ತೆ, ಬಣ್ಣ ಬೂದು. ಅಮೆರಿಕದ ನ್ಯಾಷನಲ್ ಚಾಂಪಿಯನ್‌ಶಿಪ್‌ನಲ್ಲಿ ಶಾರ್ಟ್ ಪ್ರೋಗ್ರಾಂ (ಚಿಕ್ಕ ಸುತ್ತು), ಫ್ರೀ ಸ್ಕೇಟ್ (ಉದ್ದದ ಸುತ್ತು) ಎರಡರ ಮಾರ್ಕ್ಸೂ ಕೂಡಿಸಿ ನಾಲ್ಕನೇ ಸ್ಥಾನ ಬಂದೋರಿಗೆ ಈ ಪದಕ ಕೊಡ್ತಾರೆ.

ಒಲಿಂಪಿಕ್ಸ್‌ನಲ್ಲಿ, ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಇದೆಲ್ಲ ಇಲ್ಲ. ಅಮೆರಿಕದ ಸ್ಕೇಟರ್ ಮಿರೈ ನಾಗಾಸು 16ನೇ ವಯಸ್ಸಲ್ಲಿ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದ್ಳು, ಕೊರಳಿಗೆ ಏನೂ ಬೀಳ್ಲಿಲ್ಲ.

ಕೆಲವರು ಇದನ್ನ ಸಮಾಧಾನಕರ ಬಹುಮಾನ ಅಂದ್ಕೋತಾರೆ, ನಾನದನ್ನ ಒಪ್ಪಲ್ಲ. ದೇಶದಲ್ಲಿ ಸ್ಕೇಟ್ ಮಾಡೋ ಮಕ್ಕಳಲ್ಲಿ ತುಂಬಾ ಜನ ಸೆಕ್ಷನಲ್ಸ್ ಅನ್ನೋ ಅರ್ಹತಾ ಸ್ಪರ್ಧೆ ದಾಟಿ ನ್ಯಾಷನಲ್ಸ್‌ವರೆಗೆ ಬರೋದೇ ಇಲ್ಲ, ಬಂದೋರಲ್ಲೂ ಸುಮಾರು ಜನರಿಗೆ ಸೀನಿಯರ್ ಲೆವೆಲ್‌ನಲ್ಲಿ ಒಂದು ಸಲ ಐಸ್ ಮೇಲೆ ಇಳಿದಿದ್ದೇ ಇಡೀ ಕರಿಯರ್‌ನ ದೊಡ್ಡ ಸಾಧನೆ ಆಗಿರತ್ತೆ, ಅಂಥದ್ರಲ್ಲಿ ದೇಶಕ್ಕೇ ನಾಲ್ಕನೆಯವರು ಅಂದ್ರೆ ಸಣ್ಣ ಮಾತಾ?

ಆದ್ರೆ ಈ ಪದಕಕ್ಕೆ ಒಂದು ಸಂಕಟ ಅಂಟ್ಕೊಂಡಿದೆ. ಒಲಿಂಪಿಕ್ಸ್‌ಗೆ ಒಂದು ದೇಶದಿಂದ ಒಂದು ವಿಭಾಗದಲ್ಲಿ ಜಾಸ್ತಿ ಅಂದ್ರೆ ಮೂರು ಜಾಗ. ಅದೂ ಹಿಂದಿನ ವರ್ಷದ ವರ್ಲ್ಡ್ಸ್‌ನಲ್ಲಿ ಆ ದೇಶದ ಇಬ್ಬರು ಟಾಪ್ ಸ್ಕೇಟರ್‌ಗಳ ಸ್ಥಾನ ಕೂಡಿಸಿದ್ರೆ 13 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಮಾತ್ರ. ಅಂದ್ರೆ ಪ್ಯೂಟರ್ ಗೆದ್ದೋರು ಸರಿಯಾಗಿ ಬಾಗ್ಲ ಹೊರಗೆ. ಹೊರಗೇ ಉಳೀತಾರೆ ಅಂತನೂ ಹೇಳೋಕಾಗಲ್ಲ ಯಾಕಂದ್ರೆ ಟೀಮ್ ಆರಿಸೋದು ಸೆಲೆಕ್ಷನ್ ಕಮಿಟಿ, ಅವರು ನ್ಯಾಷನಲ್ಸ್ ರಿಸಲ್ಟ್ ಜೊತೆ ಹಿಂದಿನ ವರ್ಲ್ಡ್ಸ್, ಗ್ರ್ಯಾಂಡ್ ಪ್ರಿ ಅನ್ನೋ ಅಂತರರಾಷ್ಟ್ರೀಯ ಸ್ಪರ್ಧೆಗಳ ಸರಣಿ ಎಲ್ಲಾ ನೋಡ್ತಾರೆ.

ಇದು ಅರ್ಥ ಆಗ್ಬೇಕಂದ್ರೆ ಅಮೆರಿಕದ ಇನ್ನೊಬ್ಬ ಸ್ಕೇಟರ್ ಆಶ್ಲಿ ವ್ಯಾಗ್ನರ್ ಕರಿಯರ್ ನೋಡ್ಬೇಕು. 2010ರಲ್ಲಿ ನ್ಯಾಷನಲ್ಸ್‌ನಲ್ಲಿ ಮೂರನೇ ಸ್ಥಾನ, ಆ ವರ್ಷ ಇದ್ದಿದ್ದು ಎರಡೇ ಜಾಗ, ಒಲಿಂಪಿಕ್ಸ್ ತಪ್ಪೋಯ್ತು. 2012, 2013ರಲ್ಲಿ ನ್ಯಾಷನಲ್ ಚಾಂಪಿಯನ್. 2014ರಲ್ಲಿ ಬಾಸ್ಟನ್‌ನ ನ್ಯಾಷನಲ್ಸ್‌ನಲ್ಲಿ, ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದು ನಾಲ್ಕನೆಯವಳಾದ್ಳು. ಗ್ರೇಸಿ ಗೋಲ್ಡ್, ಪೋಲೀನಾ ಎಡ್ಮಂಡ್ಸ್ ಮೊದಲೆರಡು, ಮೂರನೆಯವಳು ಅದೇ ನಾಗಾಸು. ಕಮಿಟಿ ನಾಗಾಸುನ ಬಿಟ್ಟು ವ್ಯಾಗ್ನರ್‌ನ ಸೋಚಿ ಒಲಿಂಪಿಕ್ಸ್‌ಗೆ ಕಳಿಸ್ತು. ದೊಡ್ಡ ಗಲಾಟೆನೇ ಆಯ್ತು. ನನ್ನ ಪ್ರಕಾರ ಆ ನಿರ್ಧಾರ ಸರಿ, 2013ರ ವರ್ಲ್ಡ್ಸ್‌ನಲ್ಲಿ ಐದನೇ ಸ್ಥಾನ ಬಂದು ಆರನೆಯವಳಾದ ಗೋಲ್ಡ್ ಜೊತೆ ಸೇರಿ ಆ ಮೂರು ಜಾಗ ದುಡಿದು ತಂದಿದ್ದೇ ವ್ಯಾಗ್ನರ್, ಡಿಸೆಂಬರ್‌ನ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲೂ ಕಂಚು ಗೆದ್ದಿದ್ಳು. ಹಾಗಂತ ಅವತ್ತು ಚೆನ್ನಾಗಿ ಸ್ಕೇಟ್ ಮಾಡಿ ಕಂಚು ಗೆದ್ದ ಹುಡುಗಿಗೆ ಆದ ನೋವು ಏನೂ ಕಮ್ಮಿ ಅಲ್ಲ, ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆಗೆ ಸಂಕಟ ಆಗತ್ತೆ. ಸೋಚಿಯಲ್ಲಿ ವ್ಯಾಗ್ನರ್‌ಗೆ ಟೀಮ್ ಈವೆಂಟ್ (ದೇಶಗಳ ತಂಡಗಳ ಸ್ಪರ್ಧೆ) ಕಂಚು ಸಿಕ್ತು. 2016ರಲ್ಲಿ ತಾನು ಬಿದ್ದಿದ್ದ ಅದೇ ಬಾಸ್ಟನ್‌ನಲ್ಲಿ ವರ್ಲ್ಡ್ಸ್ ಬೆಳ್ಳಿ ಗೆದ್ಳು, ಹತ್ತು ವರ್ಷದಿಂದ ಅಮೆರಿಕದ ಯಾವ ಹುಡುಗಿಗೂ ವರ್ಲ್ಡ್ಸ್ ಪದಕ ಬಂದಿರ್ಲಿಲ್ಲ.

ಆಮೇಲೆ 2018ರ ನ್ಯಾಷನಲ್ಸ್, ಸ್ಯಾನ್ ಹೋಸೆ. ಬ್ರೇಡಿ ಟೆನೆಲ್ ಚಿನ್ನ, ನಾಗಾಸು ಬೆಳ್ಳಿ, ಕ್ಯಾರನ್ ಚೆನ್ ಕಂಚು, ವ್ಯಾಗ್ನರ್‌ಗೆ ಮತ್ತೆ ಪ್ಯೂಟರ್. 2017ರ ವರ್ಲ್ಡ್ಸ್‌ನಲ್ಲಿ ಚೆನ್ ನಾಲ್ಕು, ವ್ಯಾಗ್ನರ್ ಏಳು, ಅಂದ್ರೆ ಈ ಸಲದ ಮೂರು ಜಾಗದಲ್ಲೂ ಅವಳ ದುಡಿಮೆ ಇತ್ತು. ಆದ್ರೆ ಕಮಿಟಿ ಮೊದಲ ಮೂರು ಜನರನ್ನೇ ಆರಿಸ್ತು. ನಾಲ್ಕು ವರ್ಷ ಕಾದಿದ್ದ ನಾಗಾಸು ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಹೋಗಿ ಟ್ರಿಪಲ್ ಆಕ್ಸೆಲ್ (ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗೋ ಜಿಗಿತ) ಹಾಕಿದ್ಳು, ಒಲಿಂಪಿಕ್ಸ್‌ನಲ್ಲಿ ಅದನ್ನ ಮಾಡಿದ ಮೊದಲ ಅಮೆರಿಕನ್ ಮಹಿಳೆ ಅವಳೇ.

ಅದೇ ಸ್ಯಾನ್ ಹೋಸೆಯಲ್ಲಿ ಪುರುಷರ ವಿಭಾಗದಲ್ಲಿ ಪ್ಯೂಟರ್ ಗೆದ್ದಿದ್ದು ಆಡಂ ರಿಪ್ಪನ್. ಅಲ್ಲಿ ಕಮಿಟಿ ಬೆಳ್ಳಿ ಗೆದ್ದ ರಾಸ್ ಮೈನರ್‌ನ ಬಿಟ್ಟು ರಿಪ್ಪನ್‌ನ ಒಲಿಂಪಿಕ್ಸ್‌ಗೆ ಕಳಿಸ್ತು, ಅವನು ಟೀಮ್ ಈವೆಂಟ್ ಕಂಚಿನ ಜೊತೆ ವಾಪಸ್ ಬಂದ.