ಬೇರು ಸಾಯದ ಭತ್ತ

ಉಂಡೆ ಕಟ್ಟಿ ಬೇಯಿಸುವ ಕಡಂಬುಟ್ಟಿನ ತರಿ, ಶಾವಿಗೆಯಂತೆ ಎಳೆಯೆಳೆಯಾಗಿ ಒತ್ತುವ ನೂಪುಟ್ಟಿನ ಹಿಟ್ಟು, ಬೆಳಗಿನ ಅಕ್ಕಿ ರೊಟ್ಟಿ: ಕೊಡಗಿನ ಅಡುಗೆಮನೆ ನಡೆಯುವುದೇ ಅಕ್ಕಿಯಿಂದ. ಆದರೆ ಆ ಅಕ್ಕಿಯನ್ನು ಸ್ವಂತ ಗದ್ದೆಯಲ್ಲಿ ಬೆಳೆದುಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ. ನಾಟಿಗೆ ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ತೆನೆ ಹಣ್ಣಾಗುವ ಹೊತ್ತಿಗೆ ಆನೆ ಇಳಿಯುತ್ತದೆ. ಹಲವು ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೂ ಅಡಿಕೆಗೂ ತಿರುಗಿವೆ. ಬಹುವಾರ್ಷಿಕ ಧಾನ್ಯಗಳ ಬಗ್ಗೆ ಬರುವ ಪ್ರತಿ ಸುದ್ದಿಯನ್ನೂ ನಾನು ಆಸೆಯಿಂದ ಓದುವುದು ಇದಕ್ಕಾಗಿಯೇ.

ಒಮ್ಮೆ ಬಿತ್ತಿದರೆ ಕೆಲವು ವರ್ಷ ಅದೇ ಬುಡದಿಂದ ಚಿಗುರಿ ತೆನೆ ಕೊಡುವ ಧಾನ್ಯಗಳಿವು. ಹೆಚ್ಚು ಹೆಸರಾದದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಬೆಳೆಸಿದ ಕೆರ್ನ್ಜಾ. ಗೋಧಿಯ ದೂರದ ನೆಂಟನಾದ ಒಂದು ಹುಲ್ಲಿನ ಕಾಳು ಅದು. ಬೇರು ಸುಮಾರು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಪ್ರತಿ ವರ್ಷ ಉಳುವ ಕೆಲಸವಿಲ್ಲದ್ದರಿಂದ ಮಣ್ಣು ಕೊಚ್ಚಿಹೋಗುವುದು ತಗ್ಗುತ್ತದೆ. ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಸೋರುವ ಮೊದಲೇ ಬೇರು ಅದನ್ನು ಹೀರಿಕೊಳ್ಳುತ್ತದೆ. ಹಿಟ್ಟಿನ ಗುಣವೂ ಚೆನ್ನಾಗಿದೆ. ಕಾಳು ಗೋಧಿಯ ಐದನೇ ಒಂದು ಭಾಗದಷ್ಟೇ ಇರುವುದರಿಂದ ತಿರುಳಿಗೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು, ಹಾಗಾಗಿ ನಾರು ಹೆಚ್ಚು, ಪ್ರೋಟೀನೂ ಹೆಚ್ಚು. ಆದರೆ ಹಿಟ್ಟಿಗೆ ಜಿಗುಟು ಕೊಡುವ ಅದರ ಗ್ಲುಟೆನ್ ಎಂಬ ಪ್ರೋಟೀನ್‌ಗೆ ಹಿಡಿತ ಕಡಿಮೆ, ಬ್ರೆಡ್ ಸರಿಯಾಗಿ ಉಬ್ಬುವುದಿಲ್ಲ. ಗ್ಲುಟೆನ್ ಆಗದವರಿಗೆ ಇದೂ ಆಗದು. ಇಳುವರಿಯಂತೂ ಇನ್ನೂ ಗೋಧಿಗಿಂತ ಬಹಳ ಹಿಂದಿದೆ.

ಕೊಡಗಿಗೆ ಬೇಕಾದದ್ದು ಭತ್ತ. ಕೊಯ್ದ ಗದ್ದೆಯಲ್ಲಿ ಕೂಳೆ ಚಿಗುರುವುದನ್ನು ಇಲ್ಲಿನ ರೈತರೆಲ್ಲ ಕಂಡಿದ್ದಾರೆ. ಆ ಚಿಗುರಿಗೆ ಬಲ ಸಾಲದು, ತೆನೆ ಬಡಕಲು. ಚೀನಾದ ಯುನ್ನಾನ್ ವಿಶ್ವವಿದ್ಯಾಲಯದ ಹು ಫೆಂಗ್‌ಯಿ ಮತ್ತು ಸಂಗಡಿಗರು ನೆಲದಡಿಯ ಕಾಂಡದಿಂದ ಹಬ್ಬುವ ಆಫ್ರಿಕಾದ ಕಾಡುಭತ್ತವನ್ನು ಸಾಗುವಳಿ ಭತ್ತದೊಂದಿಗೆ ಸಂಕರಿಸಿ ಆ ಚಿಗುರಿಗೆ ಬಲ ತುಂಬಿದರು. ಹೀಗೆ ಹುಟ್ಟಿದ ಪಿಆರ್‌23 ತಳಿ 2018ರಲ್ಲಿ ರೈತರ ಕೈ ಸೇರಿತು. 2022ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಒಂದೇ ನಾಟಿಯಿಂದ ನಾಲ್ಕು ವರ್ಷಗಳಲ್ಲಿ ಎಂಟು ಕೊಯ್ಲು, ಪ್ರತಿ ಕೊಯ್ಲಿಗೆ ಹೆಕ್ಟೇರಿಗೆ ಸರಾಸರಿ 6.8 ಟನ್. ವರ್ಷ ವರ್ಷ ನಾಟಿ ಮಾಡಿದ ಭತ್ತ ಕೊಟ್ಟದ್ದು 6.7 ಟನ್. ಮರುಚಿಗುರಿನ ಬೆಳೆಗೆ ದುಡಿಮೆ ಶೇ. 58ರಷ್ಟು ಕಡಿಮೆ ಸಾಕಾಯಿತು, ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮಣ್ಣಿನಲ್ಲಿ ಸಾವಯವ ಇಂಗಾಲವೂ ಏರಿತು.

ಈ ಅಕ್ಕಿಯ ಹಿಟ್ಟು ತಾನಾಗಿಯೇ ಹೆಚ್ಚು ಪೌಷ್ಟಿಕ ಎಂದು ಹೇಳಲಾರೆ. ಪೋಷಕಾಂಶಗಳ ದೊಡ್ಡ ಪಾಲು ತೌಡಿನಲ್ಲಿರುತ್ತದೆ. ಮಿಲ್ಲಿನಲ್ಲಿ ಬೆಳ್ಳಗೆ ಪಾಲಿಶ್ ಮಾಡಿಸಿದರೆ ಯಾವ ತಳಿಯಾದರೂ ಅದನ್ನು ಕಳೆದುಕೊಳ್ಳುತ್ತದೆ. ತೌಡು ಉಳಿಸಿಕೊಂಡು ಬೀಸಿದ ಹಿಟ್ಟಿನ ರೊಟ್ಟಿ ತುಸು ಕಂದಾಗುತ್ತದೆ, ಹಿಟ್ಟು ಬೇಗ ಕನರುತ್ತದೆ ಕೂಡ. ಆದ್ದರಿಂದ ಆಗಾಗ ಸ್ವಲ್ಪಸ್ವಲ್ಪವೇ ಬೀಸಿಸಿಕೊಳ್ಳಬೇಕು.

ಯುನ್ನಾನ್‌ನ ತಳಿಯನ್ನು ತಂದು ನೆಟ್ಟರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಈ ಭತ್ತಕ್ಕೆ ಹಿಮ ಕಟ್ಟುವ ಚಳಿ ಆಗದು; ಆ ಭಯ ನಮ್ಮ ಗದ್ದೆಗಳಿಗಿಲ್ಲ. ನಮ್ಮ ಕಷ್ಟ ಫೆಬ್ರುವರಿಯಿಂದ ಮುಂಗಾರಿನವರೆಗಿನ ಒಣ ತಿಂಗಳುಗಳು. ಆಗ ಬುಡ ಜೀವ ಹಿಡಿದಿರಲು ಒಂದಿಷ್ಟು ತೇವ ಬೇಕು, ದನ ಮೇಯದಂತೆ ಬೇಲಿ ಬೇಕು. ಒಂದೇ ಬೆಳೆ ವರ್ಷಗಟ್ಟಲೆ ನಿಂತರೆ ಕಳೆಯೂ ರೋಗವೂ ಅಲ್ಲೇ ಬೀಡುಬಿಡಬಹುದು. ಆನೆಗೆ ಇದರಲ್ಲಿ ಪರಿಹಾರವಿಲ್ಲ.

ಹೀಗಿದ್ದೂ ಪ್ರಯೋಗ ನಡೆಯಲೇಬೇಕು ಎನ್ನುತ್ತೇನೆ. ಮಳೆಗಾಲದಲ್ಲಿ ಬದುಗಳ ನಡುವೆ ನೀರು ಹಿಡಿದು ನಿಧಾನವಾಗಿ ಇಂಗಿಸುವ ಈ ಗದ್ದೆಗಳು ಕಾವೇರಿ ಕಣಿವೆಗೆ ಬೇಕು. ಬುಡದಲ್ಲಿ ಊಟೆ ಇರುವ, ಬೇಸಿಗೆಯಲ್ಲೂ ತೇವ ಆರದ ಗದ್ದೆಗಳು ಇಲ್ಲಿ ಸಾಕಷ್ಟಿವೆ. ಮೊದಲು ಅಂಥ ಕಡೆ, ಪಾಳು ಬಿಟ್ಟವರ ಒಪ್ಪಿಗೆ ಪಡೆದು, ಊರಿನ ತಳಿಗಳ ಪಕ್ಕದಲ್ಲೇ ಇದನ್ನೂ ನೆಟ್ಟು ನೋಡಬೇಕು. ಎರಡನೆಯ ವರ್ಷ ಎಷ್ಟು ಬುಡ ಚಿಗುರಿತು, ಎಷ್ಟು ಕೂಲಿ ಉಳಿಯಿತು, ಅದರ ಹಿಟ್ಟಿನಲ್ಲಿ ನೂಪುಟ್ಟು ಎಳೆ ಬಿಡುತ್ತದೆಯೇ ಎಂಬುದನ್ನು ರೈತರೇ ಬರೆದಿಡಬೇಕು.